ಮನೆಯ ಕಂಪ್ಯೂಟರಿಗೆ ಎಸ್‌ಎಸ್‌ಡಿ ಹಾಕಿದ್ದು

ನಮ್ಮ ಮನೆಯ ಕಂಪ್ಯೂಟರ್ 2018ರದ್ದು. ಎಂಟನೇ ತಲೆಮಾರಿನ ಇಂಟೆಲ್ ಐ5 ಪ್ರೊಸೆಸರ್, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ಹೇಳುವುದಕ್ಕೆ ಕೆಟ್ಟ ಮೆಷಿನ್ ಏನಲ್ಲ. ಬಳಸುವವರ ಪಾಡು ಮಾತ್ರ ಬೇರೆ. ಬಟನ್ ಒತ್ತಿದ ಮೇಲೆ ಡೆಸ್ಕ್‌ಟಾಪ್ ಕಾಣುವುದಕ್ಕೇ ಎರಡು ಮೂರು ನಿಮಿಷ. ಕಂಡಿತಲ್ಲ ಅಂತ ಕೆಲಸಕ್ಕೆ ಕೂತರೆ ಅದು ಇನ್ನೂ ಒಳಗೊಳಗೇ ಏನನ್ನೋ ಓದುತ್ತಾ ಇರುತ್ತಿತ್ತು. ಬ್ರೌಸರ್ ಮೇಲೆ ಕ್ಲಿಕ್ ಮಾಡುವುದು, ಏನೂ ಆಗಲಿಲ್ಲ ಅಂತ ಮತ್ತೆ ಕ್ಲಿಕ್ ಮಾಡುವುದು, ಆಮೇಲೆ ಎರಡು ಬ್ರೌಸರ್ ಒಟ್ಟಿಗೇ ತೆರೆದುಕೊಳ್ಳುವುದು ಎಲ್ಲರಿಗೂ ರೂಢಿಯಾಗಿಬಿಟ್ಟಿತ್ತು.

ಪ್ರೊಸೆಸರ್ ಹಳೆಯದಾಯಿತು, ಇನ್ನು ಹೊಸದೇ ತರಬೇಕು ಅನ್ನುವ ಮಾತು ಮನೆಯಲ್ಲಿ ಆಗಾಗ ಬರುತ್ತಿತ್ತು. ನನಗೆ ಅದು ಒಪ್ಪಿಗೆಯಾಗಿರಲಿಲ್ಲ. ಯಾಕೆಂದರೆ ಒಮ್ಮೆ ತೆರೆದುಕೊಂಡ ಮೇಲೆ ಎಕ್ಸೆಲ್ ಆಗಲಿ, ವಿಡಿಯೋ ಆಗಲಿ ಚೆನ್ನಾಗಿಯೇ ಓಡುತ್ತಿದ್ದವು. ತಡವೆಲ್ಲ ತೆರೆದುಕೊಳ್ಳುವುದರಲ್ಲಿ. ಪ್ರೊಸೆಸರ್ ಸೋತಿದ್ದರೆ ಓಡುವಾಗಲೂ ಸೋಲಬೇಕಿತ್ತು ಅಲ್ವಾ?

ಇದನ್ನು ಖಚಿತ ಮಾಡಿಕೊಳ್ಳುವುದು ಸುಲಭ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಕಂಪ್ಯೂಟರ್ ಆನ್ ಆದ ಕೂಡಲೇ ಅದನ್ನು ತೆರೆದು ಸುಮ್ನೆ ನೋಡುತ್ತಾ ಕೂತೆ. ಸಿಪಿಯು, ಅಂದರೆ ಪ್ರೊಸೆಸರ್, ಹತ್ತು ಹದಿನೈದು ಪರ್ಸೆಂಟ್ ಸುತ್ತಮುತ್ತ. ಮೆಮೊರಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಡಿಸ್ಕ್ ಮಾತ್ರ 100%. ಆ 100%ನಲ್ಲಿ ಡಿಸ್ಕ್ ಓದುತ್ತಿದ್ದದ್ದು ಸೆಕೆಂಡಿಗೆ ಸುಮಾರು 1 ಎಂಬಿ ಅಷ್ಟೇ! ದೊಡ್ಡ ಸಿನಿಮಾ ಫೈಲನ್ನು ಕಾಪಿ ಮಾಡುವಾಗ ಇದೇ ಡಿಸ್ಕ್ ಸೆಕೆಂಡಿಗೆ 100 ಎಂಬಿಗೂ ಜಾಸ್ತಿ ಕೊಡುತ್ತದೆ. ಹಾಗಿದ್ದ ಮೇಲೆ ಇಲ್ಲಿ ಯಾಕೆ ಒಂದೇ ಎಂಬಿಗೆ ಏದುಸಿರು ಬಿಡುತ್ತಿದೆ?

ಉತ್ತರ ಡಿಸ್ಕಿನ ತಿರುಗಾಟದಲ್ಲಿದೆ. ನಮ್ಮದು ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕ್. ಅಂದರೆ ಸೆಕೆಂಡಿಗೆ 120 ಸುತ್ತು, ಒಂದು ಸುತ್ತಿಗೆ 8.3 ಮಿಲಿಸೆಕೆಂಡ್. ಓದಬೇಕಾದ ಜಾಗ ಹೆಡ್ (ತಟ್ಟೆಯ ಮೇಲಿರುವುದನ್ನು ಓದುವ ಪುಟ್ಟ ಭಾಗ) ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಅದು 4 ಮಿಲಿಸೆಕೆಂಡ್. ಅದಕ್ಕೆ ಮೊದಲು ಹೆಡ್ ತಟ್ಟೆಯ ಮೇಲೆ ತಾನಿದ್ದ ವೃತ್ತದಿಂದ, ಅಂದರೆ ಟ್ರ್ಯಾಕಿನಿಂದ, ಬೇಕಾದ ಟ್ರ್ಯಾಕಿಗೆ ಸರಿಯಬೇಕು. ಅದಕ್ಕೆ 8-9 ಮಿಲಿಸೆಕೆಂಡ್. ಎರಡೂ ಸೇರಿದರೆ ಒಂದು ತುಣುಕು ಓದಲು 12-13 ಮಿಲಿಸೆಕೆಂಡ್ ಆಯಿತು. ಸೆಕೆಂಡಿಗೆ ಎಂಬತ್ತು ತುಣುಕು. ವಿಂಡೋಸ್ ಶುರುವಾಗುವಾಗ ಕೇಳುವುದು ಒಂದು ದೊಡ್ಡ ಫೈಲಲ್ಲ. ಅಲ್ಲೊಂದು ಇಲ್ಲೊಂದು ಬಿದ್ದಿರುವ ಸಾವಿರಾರು ಪುಟ್ಟ ತುಣುಕುಗಳು, ಎಷ್ಟೋ ಸಲ ತಲಾ 4 ಕೆಬಿ ಮಾತ್ರ. ಎಂಬತ್ತನ್ನು ನಾಲ್ಕರಿಂದ ಗುಣಿಸಿ. ಸೆಕೆಂಡಿಗೆ 320 ಕೆಬಿ! ಒಬ್ಬನೇ ಗುಮಾಸ್ತ ಇಡೀ ಕಚೇರಿಯ ಕಡತಗಳನ್ನು ಒಂದೊಂದಾಗಿ ಹುಡುಕಿ ತರುತ್ತಿದ್ದರೆ ಅವನು ಸೋಮಾರಿ ಅನ್ನಲಾಗುವುದಿಲ್ಲ. ಓಡಾಟದಲ್ಲೇ ಅವನ ಹೊತ್ತೆಲ್ಲ ಹೋಗುತ್ತದೆ.

ಎಸ್‌ಎಸ್‌ಡಿ ಅಂದರೆ ತಟ್ಟೆಯ ಬದಲು ಚಿಪ್‌ಗಳಲ್ಲಿ ಮಾಹಿತಿ ಇಡುವ ಡಿಸ್ಕ್. ಅದರಲ್ಲಿ ತಿರುಗುವುದೂ ಇಲ್ಲ, ಸರಿಯುವುದೂ ಇಲ್ಲ. ಒಂದು ತುಣುಕು ಓದಲು ಸುಮಾರು 0.1 ಮಿಲಿಸೆಕೆಂಡ್, ಅಂದರೆ ಹಾರ್ಡ್ ಡಿಸ್ಕಿಗೆ ಬೇಕಾದದ್ದರ ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಸಮಯ. ಜೊತೆಗೆ ಒಂದೇ ಹೊತ್ತಿನಲ್ಲಿ ಹಲವು ಚಿಪ್‌ಗಳಿಂದ ಓದಬಲ್ಲದು. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚು ಹಾಕಿರುವ 550, 3500, 7000 ಎಂಬಿ ಅನ್ನುವ ಅಂಕಿಗಳೆಲ್ಲ ದೊಡ್ಡ ಫೈಲಿನ ಲೆಕ್ಕ. ಮನೆಯ ಕಂಪ್ಯೂಟರಿಗೆ ಜೀವ ಬರುವುದು ಈ 0.1ರಿಂದ. ಇದು ತಲೆಗೆ ಹೋದ ಮೇಲೆ ಏನು ಕೊಳ್ಳಬೇಕು ಅನ್ನುವ ಗೊಂದಲ ಅರ್ಧ ಕಡಿಮೆಯಾಯಿತು.

ತಿರುಗುವ ತಟ್ಟೆಯ ಡಿಸ್ಕನ್ನು ಐಬಿಎಂ ಮೊದಲು ತಂದದ್ದು 1956ರಲ್ಲಿ. 24 ಇಂಚು ಅಗಲದ 50 ತಟ್ಟೆ, ಅದರಲ್ಲಿ ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರ. ಈಗಿನ ಫೋನಿನ ಒಂದೆರಡು ಫೋಟೋ ಅಷ್ಟೇ. ತಟ್ಟೆ ಚಿಕ್ಕದಾಯಿತು, ಜಾಗ ಲಕ್ಷಗಟ್ಟಲೆ ಪಟ್ಟು ಹೆಚ್ಚಿತು. ಆದರೆ ತಟ್ಟೆ ತಿರುಗಬೇಕು, ಹೆಡ್ ಸರಿಯಬೇಕು ಅನ್ನುವುದು ಮಾತ್ರ ಹಾಗೇ ಉಳಿಯಿತು.

ಗೆಳೆಯನೊಬ್ಬ "ಮೊದಲು ರ‍್ಯಾಮ್ ಜಾಸ್ತಿ ಮಾಡಿಸು ಮಾರಾಯಾ, ಆಮೇಲೆ ಬೇರೆ ನೋಡು" ಅಂದ. ಅವನ ಮಾತಿನಲ್ಲೂ ಸತ್ಯ ಇದೆ. ರ‍್ಯಾಮ್ ಸಾಲದಿದ್ದರೆ ವಿಂಡೋಸ್ ಉಳಿದದ್ದನ್ನು ಡಿಸ್ಕಿಗೆ ಬರೆದಿಟ್ಟು ಮತ್ತೆ ಓದುತ್ತದೆ. ಆಗ ಡಿಸ್ಕ್ 100% ತೋರಿಸಿದರೂ ತಪ್ಪು ರ‍್ಯಾಮಿನದ್ದೇ. 4 ಜಿಬಿ ಇರುವ ಕಂಪ್ಯೂಟರಿನಲ್ಲಿ ಎರಡನ್ನೂ ಬದಲಿಸಬೇಕು ಅಂತ ನನ್ನ ಅನಿಸಿಕೆ. ನಮ್ಮಲ್ಲಿ 8 ಜಿಬಿಯಲ್ಲಿ ಮೂರು ಜಿಬಿ ಖಾಲಿಯೇ ಬಿದ್ದಿತ್ತು. ಅಲ್ಲಿಗೆ ರ‍್ಯಾಮ್ ಮಾತು ಮುಗಿಯಿತು.

ಇನ್ನು ಯಾವ ಎಸ್‌ಎಸ್‌ಡಿ? ಎರಡು ಜಾತಿ ಇವೆ ಅಂತ ಇಟ್ಟುಕೊಳ್ಳಿ. ಒಂದು ಹಳೆಯ ಲ್ಯಾಪ್‌ಟಾಪ್ ಹಾರ್ಡ್ ಡಿಸ್ಕಿನ ಆಕಾರದ 2.5 ಇಂಚಿನದು. ಹಾರ್ಡ್ ಡಿಸ್ಕಿಗೆ ಹಾಕುವ ಅದೇ ಸಾಟಾ ಕೇಬಲ್‌ಗೆ ಕೂರುತ್ತದೆ. ಸೆಕೆಂಡಿಗೆ ಸುಮಾರು 550 ಎಂಬಿಗಿಂತ ಮೇಲೆ ಹೋಗುವುದಿಲ್ಲ, ಯಾಕೆಂದರೆ ಆ ಕೇಬಲ್ಲೇ ಅಷ್ಟಕ್ಕೆ ನಿಲ್ಲುತ್ತದೆ. ಇನ್ನೊಂದು ಚೂಯಿಂಗ್ ಗಮ್ ಪಟ್ಟಿಯಷ್ಟಿರುವ ಎಂ.2. ಇದು ನೇರ ಮದರ್‌ಬೋರ್ಡಿನ ಮೇಲೆ ಕೂರುತ್ತದೆ. ಅದರ ಮೇಲೆ 2280 ಅಂತ ಬರೆದಿದ್ದರೆ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ ಅಂತ. ಇಲ್ಲೊಂದು ತಲೆನೋವು ಇದೆ. ಎಂ.2 ಅನ್ನುವುದು ಆಕಾರದ ಹೆಸರು ಮಾತ್ರ. ಅದರೊಳಗೆ ಸಾಟಾ ಭಾಷೆ ಮಾತಾಡುವವೂ ಇವೆ, ಅದಕ್ಕಿಂತ ವೇಗದ ಎನ್‌ವಿಎಂಇ ಭಾಷೆ ಮಾತಾಡುವವೂ ಇವೆ. ಕೆಲವು ಬೋರ್ಡ್ ಎರಡನ್ನೂ ಒಪ್ಪುತ್ತವೆ, ಕೆಲವು ಒಂದನ್ನೇ. ಕೊಳ್ಳುವ ಮೊದಲು ಬೋರ್ಡಿನ ಕೈಪಿಡಿ ನೋಡಲೇಬೇಕು. ಮಾಡೆಲ್ ನಂಬರ್ ಬೋರ್ಡಿನ ಮೇಲೇ ಅಚ್ಚಾಗಿರುತ್ತದೆ, ಕೈಪಿಡಿ ತಯಾರಕರ ತಾಣದಲ್ಲಿ ಉಚಿತವಾಗಿ ಸಿಗುತ್ತದೆ.

ನಮ್ಮ ಬೋರ್ಡಿನಲ್ಲಿ ಎಂ.2 ಜಾಗ ಇಷ್ಟು ವರ್ಷ ಖಾಲಿ ಬಿದ್ದಿತ್ತು. ಅದರ ಸಂಪರ್ಕ ಪಿಸಿಐಇ 3.0, ಅಂದರೆ ಎನ್‌ವಿಎಂಇ ಓಡಾಡುವ ದಾರಿಯ ಮೂರನೇ ತಲೆಮಾರು, ಹಾಗಾಗಿ ಎನ್‌ವಿಎಂಇ ಸರಿಹೋಗುತ್ತದೆ. ಹಾಗಾಗಿ 1 ಟಿಬಿಯ ಎನ್‌ವಿಎಂಇ ತೆಗೆದುಕೊಂಡೆ. ಆ ಜಾಗ ಇರದಿದ್ದರೆ ಸಾಟಾ ಎಸ್‌ಎಸ್‌ಡಿಯನ್ನೇ ಹಾಕುತ್ತಿದ್ದೆ, ಯಾವ ಬೇಸರವೂ ಇಲ್ಲದೆ. ಹಾರ್ಡ್ ಡಿಸ್ಕಿನಿಂದ ಸಾಟಾಗೆ ಹೋದಾಗ ಆಗುವ ಬದಲಾವಣೆ ಕಣ್ಣಿಗೆ ಹೊಡೆಯುತ್ತದೆ. ಸಾಟಾದಿಂದ ಎನ್‌ವಿಎಂಇಗೆ ಹೋದರೆ ದಿನನಿತ್ಯದ ಕೆಲಸದಲ್ಲಿ ಅಷ್ಟಾಗಿ ಗೊತ್ತೂ ಆಗುವುದಿಲ್ಲ. ಪಿಸಿಐಇ 4.0ರ ಎಸ್‌ಎಸ್‌ಡಿ ತಂದು 3.0 ಜಾಗದಲ್ಲಿ ಕೂರಿಸಿದರೂ ನಡೆಯುತ್ತದೆ, 3.0ರ ವೇಗದಲ್ಲಿ.

ಬರೆದು ಬರೆದು ಎಸ್‌ಎಸ್‌ಡಿ ಸವೆಯುತ್ತದೆ ಅನ್ನುವ ಹೆದರಿಕೆ ಇನ್ನೂ ಹಲವರಲ್ಲಿದೆ. ಸವೆಯುವುದು ನಿಜ. ಆದರೆ ಎಷ್ಟು ಅಂತ ಲೆಕ್ಕ ಹಾಕಿ ನೋಡಬೇಕು. ಟಿಎಲ್‌ಸಿ ಅನ್ನುವ ಬಗೆಯ ಸಾಮಾನ್ಯ 1 ಟಿಬಿ ಎಸ್‌ಎಸ್‌ಡಿಗೆ 600 ಟಿಬಿ ಬರೆಯುವವರೆಗೆ ವಾರಂಟಿ ಕೊಡುವುದು ರೂಢಿ. ದಿನಕ್ಕೆ 20 ಜಿಬಿ ಬರೆದರೂ ಆ 600 ಟಿಬಿ ಮುಗಿಯಲು ಎಂಬತ್ತು ವರ್ಷ ಬೇಕು. ನಾನು ನೋಡಿದ್ದು ಬೇರೆಯದನ್ನು, ಟಿಎಲ್‌ಸಿಯೋ ಕ್ಯೂಎಲ್‌ಸಿಯೋ ಅಂತ. ಟಿಎಲ್‌ಸಿಯ ಒಂದೊಂದು ಕೋಶದಲ್ಲಿ ಮೂರು ಬಿಟ್, ಕ್ಯೂಎಲ್‌ಸಿಯಲ್ಲಿ ನಾಲ್ಕು. ನಾಲ್ಕು ಬಿಟ್ ಅಂದರೆ ಕೋಶದೊಳಗಿನ ಚಾರ್ಜನ್ನು 16 ಮಟ್ಟಗಳಲ್ಲಿ ಗುರುತಿಸಬೇಕು. ಹಾಗಾಗಿ ಬರೆಯುವುದು ನಿಧಾನ, ಬಾಳಿಕೆಯೂ ಕಡಿಮೆ. ವಿಂಡೋಸ್ ಕೂರುವ ಡಿಸ್ಕಿಗೆ ನಾನಂತೂ ಟಿಎಲ್‌ಸಿ ಬಿಟ್ಟು ಕೆಳಗಿಳಿಯುವುದಿಲ್ಲ.

ಎಸ್‌ಎಸ್‌ಡಿ ಕೈಗೆ ಬರುವ ಮೊದಲು ಹಳೆಯ ಡಿಸ್ಕಿನ ಆರೋಗ್ಯ ನೋಡಿದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಅನ್ನುವ ಉಚಿತ ತಂತ್ರಾಂಶ ಇದೆ. ಡಿಸ್ಕ್ ತನ್ನ ಬಗ್ಗೆ ತಾನೇ ಬರೆದಿಟ್ಟುಕೊಳ್ಳುವ ಸ್ಮಾರ್ಟ್ ವರದಿಯನ್ನು ಅದು ಓದಿ ತೋರಿಸುತ್ತದೆ. ನೀಲಿ ಬಣ್ಣ ಬಂದರೆ ಚೆನ್ನಾಗಿದೆ, ಹಳದಿ ಬಂದರೆ ಹುಷಾರು. ನಮಗೆ ಹಳದಿ ಬಂತು. ಸಿ5 ಅನ್ನುವ ಸಾಲಿನಲ್ಲಿ ಸೊನ್ನೆ ಇರಬೇಕಾದಲ್ಲಿ ಅಂಕಿ ಕೂತಿತ್ತು. ಡಿಸ್ಕಿಗೆ ಓದಲು ಆಗದೆ, ಇದನ್ನು ಏನು ಮಾಡಲಿ ಅಂತ ಬಾಕಿ ಇಟ್ಟುಕೊಂಡಿರುವ ಸೆಕ್ಟರ್‌ಗಳ, ಅಂದರೆ ಡಿಸ್ಕಿನ ಪುಟ್ಟ ಪುಟ್ಟ ಜಾಗಗಳ, ಲೆಕ್ಕ ಅದು. ಅಲ್ಲಿಯ ಅಂಕಿಗಳು ಹತ್ತರ ಬದಲು ಹದಿನಾರರ ಲೆಕ್ಕದಲ್ಲಿ ಎಣಿಸುವ ಹೆಕ್ಸಾಡೆಸಿಮಲ್‌ನಲ್ಲಿ ಇರುತ್ತವೆ, 10 ಅಂತ ಕಂಡರೆ ಹದಿನಾರು ಅಂತ ಓದಬೇಕು. ಈ ಸಂಗತಿ ಗೊತ್ತಾದದ್ದೇ ಇಡೀ ಯೋಜನೆ ತಲೆಕೆಳಗಾಯಿತು. ವೇಗದ ಮಾತು ಪಕ್ಕಕ್ಕಿರಲಿ, ಮೊದಲು ಫೋಟೋಗಳು ಹೊರಗೆ ಬರಬೇಕು.

ಹುಷಾರಿಲ್ಲದ ಡಿಸ್ಕಿನಿಂದ ಕಾಪಿ ಮಾಡುವಾಗ ಕ್ರಮ ಮುಖ್ಯ. ಮತ್ತೆ ಸಿಗದ್ದು ಮೊದಲು, ಮತ್ತೆ ಸಿಗುವಂಥದ್ದು ಕೊನೆಗೆ. ಫೋಟೋ, ಸ್ಕ್ಯಾನ್ ಮಾಡಿಟ್ಟ ದಾಖಲೆಗಳು, ಹಳೆಯ ಕನ್ನಡ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಬರಹಗಳು, ಆ ಫಾಂಟ್ ಫೈಲುಗಳು, ಲೆಕ್ಕಪತ್ರ ಮೊದಲು ಹೋದವು. ಸಿನಿಮಾ, ಡೌನ್‌ಲೋಡ್ ಫೋಲ್ಡರ್ ಎಲ್ಲ ಆಮೇಲೆ. ಯುಎಸ್‌ಬಿ ಡಿಸ್ಕ್ ಒಂದಿತ್ತು, ಅದಕ್ಕೆ ಹಾಕಿದೆ. ಮಾಮೂಲಿ ಕಾಪಿ ಪೇಸ್ಟ್ ಮಾಡಿದರೆ ಕೆಟ್ಟ ಸೆಕ್ಟರ್ ಸಿಕ್ಕಲ್ಲಿ ಇಡೀ ಕೆಲಸ ನಿಂತುಬಿಡುತ್ತದೆ. ಅದಕ್ಕೆ ವಿಂಡೋಸ್‌ನಲ್ಲೇ ಇರುವ ರೋಬೊಕಾಪಿ ಬಳಸಿದೆ. ಅದಕ್ಕೊಂದು ವಿಚಿತ್ರ ಗುಣ ಇದೆ. ಏನೂ ಹೇಳದಿದ್ದರೆ ಓದಲಾಗದ ಒಂದೊಂದು ಫೈಲನ್ನೂ 10 ಲಕ್ಷ ಸಲ ಮತ್ತೆ ಪ್ರಯತ್ನಿಸುತ್ತದೆ, ಪ್ರತಿ ಸಲಕ್ಕೂ ನಡುವೆ 30 ಸೆಕೆಂಡ್ ಕಾಯುತ್ತದೆ. ಹಟ ಅಂದರೆ ಇದು! ಒಂದೇ ಸಲ ಮತ್ತೆ ನೋಡು, ಒಂದೇ ಸೆಕೆಂಡ್ ಕಾಯಿ, ಆಗದಿದ್ದರೆ ಮುಂದೆ ಹೋಗು ಅಂತ ಹೇಳುವ ಆಯ್ಕೆಗಳಿವೆ. ಅವನ್ನು ಕೊಟ್ಟು, ಆಗದ ಫೈಲುಗಳ ಪಟ್ಟಿಯನ್ನು ಲಾಗ್ ಫೈಲಿಗೆ ಬರೆಸಿದೆ.

ಕೆಟ್ಟ ಜಾಗ ಬಂದಾಗ ಡಿಸ್ಕ್ ಕಟಕಟ ಅನ್ನುವುದು ಕೇಳಿಸುತ್ತಿತ್ತು. ವೇಗ ಸೊನ್ನೆಗೆ ಇಳಿದು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಏರುತ್ತಿತ್ತು. ಕೊನೆಗೆ ಲಾಗ್ ನೋಡಿದರೆ ಕೆಲವೇ ವಿಡಿಯೋಗಳು ಓದಲಾಗದೆ ಉಳಿದಿದ್ದವು. ಅವುಗಳಲ್ಲಿ ನಮಗೆ ಬೇಕಾಗಿದ್ದ ಒಂದು ತಮ್ಮನ ಫೋನಿನಲ್ಲಿ ಸಿಕ್ಕಿತು. ಉಳಿದವು ಹೋದರೂ ಅಡ್ಡಿಯಿಲ್ಲ ಅನ್ನುವಂಥವು.

ಮುಂದಿನ ಪ್ರಶ್ನೆ, ಕ್ಲೋನ್ ಮಾಡುವುದೋ, ಹೊಸದಾಗಿ ವಿಂಡೋಸ್ ಹಾಕುವುದೋ. ಡಿಸ್ಕ್ ಆರೋಗ್ಯವಾಗಿದ್ದರೆ ಕ್ಲೋನ್ ಒಳ್ಳೆಯ ದಾರಿ. ಇದ್ದದ್ದು ಇದ್ದ ಹಾಗೇ ಹೊಸ ಡಿಸ್ಕಿಗೆ ಬರುತ್ತದೆ, ವಾಲ್‌ಪೇಪರ್ ಕೂಡ ಬದಲಾಗುವುದಿಲ್ಲ. ಎಸ್‌ಎಸ್‌ಡಿ ತಯಾರಿಸುವ ದೊಡ್ಡ ಕಂಪನಿಗಳು ಇದಕ್ಕೆ ತಂತ್ರಾಂಶ ಕೊಡುತ್ತವೆ, ಕ್ಲೋನ್‌ಜಿಲ್ಲಾದಂಥ ಉಚಿತ ದಾರಿಯೂ ಇದೆ. ಹಾಗೆ ಮಾಡುವವರು ಒಂದನ್ನು ನೆನಪಿಡಬೇಕು: ಕ್ಲೋನ್ ಆದ ಮೇಲೆ ಮೊದಲ ಸಲ ಆನ್ ಮಾಡುವಾಗ ಹಳೆಯ ಡಿಸ್ಕಿನ ಕೇಬಲ್ ಕಳಚಿರಬೇಕು. ಒಂದೇ ಗುರುತಿನ ಎರಡು ಡಿಸ್ಕ್ ಕಂಡರೆ ವಿಂಡೋಸ್ ಗೊಂದಲಕ್ಕೆ ಬೀಳುತ್ತದೆ.

ನಮ್ಮ ಡಿಸ್ಕಿನಲ್ಲಿ ಕೆಟ್ಟ ಸೆಕ್ಟರ್ ಇದ್ದದ್ದರಿಂದ ಕ್ಲೋನ್ ನನಗೆ ಸರಿ ಕಾಣಲಿಲ್ಲ. ವಿಂಡೋಸಿನ ಯಾವ ಫೈಲು ಅರ್ಧಂಬರ್ಧ ಬರುತ್ತದೋ ಯಾರು ಬಲ್ಲರು. ಇನ್ನೊಂದು ಕಾರಣವೂ ಇತ್ತು. ಅದರಲ್ಲಿದ್ದದ್ದು ವಿಂಡೋಸ್ 10, ಅದಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಎಂಟನೇ ತಲೆಮಾರಿನ ಪ್ರೊಸೆಸರ್ ವಿಂಡೋಸ್ 11ಕ್ಕೆ ನಡೆಯುತ್ತದೆ. ಹೇಗೂ ಬಿಚ್ಚುತ್ತೇವೆ, ಹೊಸದನ್ನೇ ಹಾಕೋಣ ಅಂತ ನಿರ್ಧರಿಸಿದೆ. ಲೈಸೆನ್ಸ್ ಬಗ್ಗೆ ಚಿಂತೆ ಇರಲಿಲ್ಲ. ಡಿಜಿಟಲ್ ಲೈಸೆನ್ಸ್ ಅಂಟಿಕೊಂಡಿರುವುದು ಮುಖ್ಯವಾಗಿ ಮದರ್‌ಬೋರ್ಡಿಗೆ. ಡಿಸ್ಕ್ ಬದಲಿಸಿದರೆ ಅದು ಹೋಗುವುದಿಲ್ಲ.

ಹೊಸದಾಗಿ ಹಾಕುವುದರಲ್ಲಿ ಕಷ್ಟ ಇರುವುದು ಆಮೇಲೆ. ಅದು ಎಲ್ಲಿ, ಇದರ ಪಾಸ್‌ವರ್ಡ್ ಏನು, ಪ್ರಿಂಟರ್ ಯಾಕೆ ಕಾಣುತ್ತಿಲ್ಲ ಅಂತ ಪ್ರಶ್ನೆಗಳು ವಾರಗಟ್ಟಲೆ ಬರುತ್ತವೆ. ಹಾಗಾಗಿ ಬಿಚ್ಚುವ ಮೊದಲೇ ಮನೆಯವರನ್ನೆಲ್ಲ ಕೂರಿಸಿಕೊಂಡು ಯಾರು ಏನೇನು ಬಳಸುತ್ತೀರಿ ಅಂತ ಬರೆದುಕೊಂಡೆ. ಬ್ರೌಸರಿನ ಬುಕ್‌ಮಾರ್ಕ್ ಮತ್ತು ಪಾಸ್‌ವರ್ಡ್‌ಗಳು ಅವರವರ ಖಾತೆಗೆ ಸಿಂಕ್ ಆಗಿವೆಯಾ ಅಂತ ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿದೆವು. ದುಡ್ಡು ಕೊಟ್ಟು ಕೊಂಡ ತಂತ್ರಾಂಶಗಳ ಕೀಗಳನ್ನು ಕಾಗದಕ್ಕೆ ಇಳಿಸಿದೆ. ಪ್ರಿಂಟರ್, ನೆಟ್‌ವರ್ಕ್ ಡ್ರೈವರ್‌ಗಳನ್ನು ಮೊದಲೇ ಇಳಿಸಿ ಪೆನ್‌ಡ್ರೈವಿಗೆ ಹಾಕಿಟ್ಟೆ. ನೆಟ್‌ವರ್ಕ್ ಡ್ರೈವರ್ ಇಲ್ಲದೆ ಇಂಟರ್ನೆಟ್ ಬರುವುದಿಲ್ಲ, ಇಂಟರ್ನೆಟ್ ಇಲ್ಲದೆ ಆ ಡ್ರೈವರ್ ಸಿಗುವುದಿಲ್ಲ. ಈ ಚಕ್ರಕ್ಕೆ ಸಿಕ್ಕಿಕೊಂಡವರನ್ನು ನೋಡಿದ್ದೇನೆ. 8 ಜಿಬಿಯ ಇನ್ನೊಂದು ಪೆನ್‌ಡ್ರೈವಿನಲ್ಲಿ ಮೈಕ್ರೋಸಾಫ್ಟ್ ಕೊಡುವ ಮೀಡಿಯಾ ಕ್ರಿಯೇಷನ್ ಟೂಲ್ ಬಳಸಿ ವಿಂಡೋಸ್ 11 ಇಳಿಸಿಕೊಂಡೆ.

ಇಡೀ ಕೆಲಸದಲ್ಲಿ ಸ್ಕ್ರೂಡ್ರೈವರ್ ಹಿಡಿದ ಹೊತ್ತೇ ಕಡಿಮೆ. ಸ್ವಿಚ್ ಆಫ್ ಮಾಡಿ, ಪವರ್ ಕೇಬಲ್ ಕಳಚಿ, ಉಳಿದ ಕರೆಂಟ್ ಹೋಗಲಿ ಅಂತ ಪವರ್ ಬಟನ್ ಅನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದೆ. ಮೈಯ ಸ್ಟ್ಯಾಟಿಕ್ ಇಳಿಯಲಿ ಅಂತ ಕ್ಯಾಬಿನೆಟ್ಟಿನ ಬಣ್ಣ ಇಲ್ಲದ ಲೋಹದ ಭಾಗ ಮುಟ್ಟಿದೆ. ಎಂ.2 ಎಸ್‌ಎಸ್‌ಡಿಯನ್ನು ಓರೆಯಾಗಿ ಹಿಡಿದು ಸ್ಲಾಟಿಗೆ ತಳ್ಳಬೇಕು. ಸರಿಯಾಗಿ ಕೂತರೆ ಕೈ ಬಿಟ್ಟಾಗಲೂ ಅದು ಇನ್ನೊಂದು ತುದಿಯಲ್ಲಿ ಮೇಲೆದ್ದುಕೊಂಡೇ ನಿಲ್ಲುತ್ತದೆ. ಹಾಳಾಯಿತೇನೋ ಅಂತ ಗಾಬರಿ ಬೇಡ, ಅದು ಇರುವುದೇ ಹಾಗೆ. ಆ ತುದಿಯನ್ನು ಮೆಲ್ಲಗೆ ಒತ್ತಿ ಒಂದು ಪುಟ್ಟ ಸ್ಕ್ರೂ ಹಾಕಿದರೆ ಮುಗಿಯಿತು. ಆ ಸ್ಕ್ರೂ ಎಸ್‌ಎಸ್‌ಡಿಯ ಪೆಟ್ಟಿಗೆಯಲ್ಲಿ ಎಷ್ಟೋ ಸಲ ಇರುವುದಿಲ್ಲ. ಅದು ಬರುವುದು ಮದರ್‌ಬೋರ್ಡಿನ ಜೊತೆ. ನಮ್ಮ ಬೋರ್ಡಿನ ಡಬ್ಬಿ ಅಟ್ಟದ ಮೇಲೆ ಇದ್ದದ್ದರಿಂದ ಉಳಿದುಕೊಂಡೆ. ತುದಿಗೆ ಅಯಸ್ಕಾಂತ ಇರುವ ಸ್ಕ್ರೂಡ್ರೈವರ್ ಇದ್ದರೆ ಒಳ್ಳೆಯದು, ಆ ಸ್ಕ್ರೂ ಒಳಗೆ ಬಿದ್ದರೆ ಹುಡುಕುವುದು ಯಾರಿಗೂ ಬೇಡ. ಬಿಸಿ ಹೀರುವ ಲೋಹದ ಪಟ್ಟಿ, ಅಂದರೆ ಹೀಟ್‌ಸಿಂಕ್, ಹಾಕುವವರು ಅದರ ಅಂಟಿನ ಮೇಲಿರುವ ತೆಳು ಪ್ಲಾಸ್ಟಿಕ್ ಹಾಳೆ ತೆಗೆಯಬೇಕು. ಎಸ್‌ಎಸ್‌ಡಿಯ ಮೇಲಿನ ಲೇಬಲ್ ಮಾತ್ರ ಕೀಳಬಾರದು, ವಾರಂಟಿ ಹೋಗಬಹುದು.

ಬಿಚ್ಚಿದ ಹೊತ್ತಿಗೇ ಹಳೆಯ ಹಾರ್ಡ್ ಡಿಸ್ಕಿನ ಸಾಟಾ ಕೇಬಲ್ ಕಳಚಿಟ್ಟೆ. ಈ ಒಂದು ಕೆಲಸವನ್ನು ಯಾರೂ ಬಿಡಬಾರದು ಅಂತ ನಾನು ಒತ್ತಿ ಹೇಳುತ್ತೇನೆ. ಎರಡೂ ಡಿಸ್ಕ್ ಇರುವಾಗ ವಿಂಡೋಸ್ ಹಾಕಿದರೆ, ವಿಂಡೋಸ್ ಹೊಸದರಲ್ಲಿ ಕೂತು, ಅದನ್ನು ಶುರು ಮಾಡುವ ಬೂಟ್ ಭಾಗ ಹಳೆಯದರಲ್ಲೇ ಕೂರುವುದುಂಟು. ಮುಂದೆ ಯಾವತ್ತೋ ಹಳೆಯ ಡಿಸ್ಕ್ ತೆಗೆದರೆ ಅಥವಾ ಅದು ಸತ್ತರೆ, ಚೆನ್ನಾಗಿರುವ ಹೊಸ ಡಿಸ್ಕಿದ್ದೂ ಕಂಪ್ಯೂಟರ್ ಏಳುವುದಿಲ್ಲ. ಒಂದೇ ಡಿಸ್ಕ್ ಇದ್ದರೆ ಈ ಪ್ರಶ್ನೆಯೇ ಬರುವುದಿಲ್ಲ. ಅಳಿಸಬಾರದ್ದನ್ನು ಅಳಿಸುವ ಭಯವೂ ಇಲ್ಲ.

ವಿಂಡೋಸ್‌ಗೂ ಮೊದಲು ಓಡುವ ಮದರ್‌ಬೋರ್ಡಿನ ಸ್ವಂತ ತಂತ್ರಾಂಶ ಬಯಾಸ್. ಅದಕ್ಕೆ ಹೋಗಿ ನೋಡಿದರೆ ಎಸ್‌ಎಸ್‌ಡಿಯ ಹೆಸರು ಕಾಣಿಸಿತು. ವಿಂಡೋಸ್ 11 ಕೇಳುವ, ಭದ್ರತೆಯ ಕೀಗಳನ್ನು ಕಾಯುವ ಟಿಪಿಎಂ 2.0 ನಮ್ಮ ಬೋರ್ಡಿನಲ್ಲಿ ಇದ್ದರೂ ಆಫ್ ಆಗಿತ್ತು. ಇಂಟೆಲ್ ಬೋರ್ಡ್‌ಗಳಲ್ಲಿ ಅದರ ಹೆಸರು ಪಿಟಿಟಿ. ಅದನ್ನು ಆನ್ ಮಾಡಿ, ಹಳೆಯ ಕಾಲದ ಬೂಟ್ ವಿಧಾನ ತೆಗೆದು ಹೊಸ ವಿಧಾನವಾದ ಯುಇಎಫ್‌ಐ ಮಾತ್ರ ಉಳಿಸಿ, ನಂಬಿಕೆಯ ತಂತ್ರಾಂಶ ಮಾತ್ರ ಶುರುವಾಗಲು ಬಿಡುವ ಸೆಕ್ಯೂರ್ ಬೂಟ್ ಹಾಕಿದೆ. ಇನ್‌ಸ್ಟಾಲ್ ಶುರುವಾದಾಗ ಡಿಸ್ಕ್ ಆರಿಸುವ ಪರದೆಯಲ್ಲಿ ಒಂದೇ ಸಾಲು ಇತ್ತು, 931 ಜಿಬಿ ಖಾಲಿ ಜಾಗ. 1000 ಎಲ್ಲಿ ಹೋಯಿತು ಅಂತ ಮಗಳು ಕೇಳಿದಳು. ಎಲ್ಲೂ ಹೋಗಿಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. ಆ ಸಾಲನ್ನು ಆರಿಸಿ ಮುಂದೆ ಅಂತ ಒತ್ತಿದೆ, ಬೇಕಾದ ಭಾಗಗಳನ್ನೆಲ್ಲ ಅದೇ ಮಾಡಿಕೊಂಡಿತು.

ಮೈಕ್ರೋಸಾಫ್ಟ್ ಖಾತೆಯಿಂದ ಒಳಗೆ ಹೋದರೆ ಈಗಿನ ವಿಂಡೋಸ್ 11 ಹಲವು ಕಂಪ್ಯೂಟರ್‌ಗಳಲ್ಲಿ ತಾನಾಗಿಯೇ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡುತ್ತದೆ, ಅಂದರೆ ಕೀ ಇಲ್ಲದೆ ಓದಲಾಗದ ಹಾಗೆ ಮಾಡುತ್ತದೆ. ಒಳ್ಳೆಯದೇ. ಆದರೆ ಬಯಾಸ್‌ನಲ್ಲಿ ಏನಾದರೂ ಬದಲಾದರೆ 48 ಅಂಕಿಯ ರಿಕವರಿ ಕೀ ಕೇಳಬಹುದು. ಅದು ಖಾತೆಯಲ್ಲಿ ಉಳಿದಿದೆಯಾ ಅಂತ ಅಂದೇ ಫೋನಿನಲ್ಲಿ ನೋಡಿ, ಕಾಗದಕ್ಕೂ ಬರೆದುಕೊಂಡೆ. ಎನ್‌ಕ್ರಿಪ್ಟ್ ಆದ ಎಸ್‌ಎಸ್‌ಡಿಯ ಕೀ ಕಳೆದರೆ ಒಳಗಿರುವುದು ಯಾರ ಕೈಗೂ ಸಿಗುವುದಿಲ್ಲ, ನಮಗೂ.

ಎಲ್ಲ ಆದ ಮೇಲೆ ಹಳೆಯ ಡಿಸ್ಕಿನ ಕೇಬಲ್ ಮತ್ತೆ ಚುಚ್ಚಿ ಆನ್ ಮಾಡಿದರೆ ಅದು ಕಾಣಿಸಲೇ ಇಲ್ಲ! ವಿಂಡೋಸ್‌ನಲ್ಲೂ ಇಲ್ಲ, ಬಯಾಸ್‌ನಲ್ಲೂ ಇಲ್ಲ. ಕಿವಿ ಕೊಟ್ಟರೆ ತಿರುಗುವ ಸದ್ದು ಮಾತ್ರ ಬರುತ್ತಿದೆ. ಮತ್ತೆ ಕೈಪಿಡಿ ತೆರೆದೆ. ಸಣ್ಣ ಅಕ್ಷರದಲ್ಲಿ ಒಂದು ಸಾಲು ಇತ್ತು, ಎಂ.2 ಜಾಗ ಬಳಸಿದರೆ ಇಂಥ ನಂಬರಿನ ಸಾಟಾ ಪೋರ್ಟ್ ಕೆಲಸ ಮಾಡುವುದಿಲ್ಲ ಅಂತ. ಕೆಲವು ಬೋರ್ಡ್‌ಗಳಲ್ಲಿ ಎರಡಕ್ಕೂ ದಾರಿ ಒಂದೇ, ಹಂಚಿಕೊಂಡಿರುತ್ತವೆ. ಕೇಬಲ್ಲನ್ನು ಪಕ್ಕದ ಪೋರ್ಟಿಗೆ ಹಾಕಿದ ಕೂಡಲೇ ಡಿಸ್ಕ್ ಬಂತು. ಎಷ್ಟು ಜನ ಈ ಹಂತದಲ್ಲಿ ಡಿಸ್ಕ್ ಸತ್ತಿತು ಅಂತ ಎಸೆದಿದ್ದಾರೋ ಏನೋ.

ಈಗ ಹೇಗಿದೆ? ಬಟನ್ ಒತ್ತಿದ ಮೇಲೆ ಡೆಸ್ಕ್‌ಟಾಪ್ ಬರಲು ಅರ್ಧ ನಿಮಿಷವೂ ಬೇಡ. ಅದರಲ್ಲೂ ಒಂದು ಪಾಲು ಬಯಾಸ್ ತನ್ನ ತಪಾಸಣೆಗೆ ತೆಗೆದುಕೊಳ್ಳುವ ಸಮಯ, ಅದನ್ನು ಯಾವ ಎಸ್‌ಎಸ್‌ಡಿಯೂ ಕಡಿಮೆ ಮಾಡುವುದಿಲ್ಲ. ಡೆಸ್ಕ್‌ಟಾಪ್ ಬಂದ ಕ್ಷಣವೇ ಕೆಲಸ ಶುರು ಮಾಡಬಹುದು, ನನಗೆ ಹೆಚ್ಚು ಖುಷಿ ಕೊಟ್ಟದ್ದು ಇದು. ಅಪ್‌ಡೇಟ್ ಬಂತು ಅಂತ ಯಾರೂ ಎದ್ದು ಹೋಗುವುದಿಲ್ಲ. ಟಾಸ್ಕ್ ಮ್ಯಾನೇಜರಿನಲ್ಲಿ ಡಿಸ್ಕ್ ಒಂದೆರಡು ಪರ್ಸೆಂಟ್ ಆಚೆ ಹೋಗುವುದೇ ಅಪರೂಪ.

ಬದಲಾಗದ್ದೂ ಇದೆ. ವಿಡಿಯೋ ಎಡಿಟ್ ಮಾಡಿ ಎಕ್ಸ್‌ಪೋರ್ಟ್ ಕೊಟ್ಟರೆ ಮೊದಲಿನಷ್ಟೇ ಹೊತ್ತು, ಅದು ಪ್ರೊಸೆಸರಿನ ಕೆಲಸ. ಇಂಟರ್ನೆಟ್ ಪುಟಗಳು ಬರುವುದು ಇಂಟರ್ನೆಟ್ಟಿನ ವೇಗದಲ್ಲೇ. ಫೋಟೋಗಳನ್ನು ಯುಎಸ್‌ಬಿ ಡಿಸ್ಕಿನಿಂದ ವಾಪಸ್ ತುಂಬುವಾಗಲೂ ಎಸ್‌ಎಸ್‌ಡಿ ಇದೆ ಅಂತ ಬೇಗ ಆಗಲಿಲ್ಲ. ಓದುವ ಕಡೆ ಇರುವುದು ತಿರುಗುವ ತಟ್ಟೆಯೇ ಅಲ್ವಾ.

ಎಸ್‌ಎಸ್‌ಡಿ ಹಾಕಿದ ಮೇಲೆ ಅದನ್ನು ಆಫ್ ಮಾಡಿ, ಇದನ್ನು ತೆಗೆಯಿರಿ ಅನ್ನುವ ಸಲಹೆಗಳು ರಾಶಿ ಇವೆ. ಪೇಜ್ ಫೈಲ್ ತೆಗೆಯಿರಿ, ಹೈಬರ್ನೇಟ್ ಬೇಡ, ಇಂಡೆಕ್ಸಿಂಗ್ ನಿಲ್ಲಿಸಿ ಅಂತೆಲ್ಲ. ನಾನು ಯಾವುದನ್ನೂ ಮುಟ್ಟಲಿಲ್ಲ. ಇವೆಲ್ಲ ಎಸ್‌ಎಸ್‌ಡಿಗಳು ಪುಟ್ಟದಾಗಿ, ನಾಜೂಕಾಗಿ ಇದ್ದ ಕಾಲದ ಮಾತು. ನೋಡಿದ್ದು ಒಂದನ್ನೇ. ಡ್ರೈವ್ ಆಪ್ಟಿಮೈಸ್ ಮಾಡುವ ಕಿಟಕಿಯಲ್ಲಿ ಸಿ ಡ್ರೈವಿನ ಎದುರು ಸಾಲಿಡ್ ಸ್ಟೇಟ್ ಡ್ರೈವ್ ಅಂತ ಬರೆದಿದೆಯಾ ಅಂತ. ಹಾಗಿದ್ದರೆ ವಿಂಡೋಸ್ ಚದುರಿದ ತುಣುಕುಗಳನ್ನು ಒಟ್ಟು ಮಾಡುವ ಮಾಮೂಲಿ ಡಿಫ್ರಾಗ್ ಬದಲು ಟ್ರಿಮ್ ಮಾಡುತ್ತದೆ, ಅಂದರೆ ಅಳಿಸಿದ ಫೈಲುಗಳ ಜಾಗ ಇನ್ನು ಬೇಡ ಅಂತ ಎಸ್‌ಎಸ್‌ಡಿಗೆ ತಿಳಿಸುತ್ತದೆ. ಎಸ್‌ಎಸ್‌ಡಿಯ ಚಿಪ್‌ಗಳಲ್ಲಿರುವ ಫ್ಲಾಶ್ ಮೆಮೊರಿಯಲ್ಲಿ ಬರೆಯುವುದು ಪುಟಪುಟವಾಗಿ, ಅಳಿಸುವುದು ನೂರಾರು ಪುಟಗಳ ದೊಡ್ಡ ಬ್ಲಾಕ್‌ಗಳಾಗಿ. ಯಾವುದು ಬೇಡ ಅಂತ ಮೊದಲೇ ಗೊತ್ತಿದ್ದರೆ ಬಿಡುವಿನಲ್ಲಿ ಜಾಗ ಖಾಲಿ ಮಾಡಿಟ್ಟುಕೊಳ್ಳುತ್ತದೆ. ಇದೇ ಕಾರಣಕ್ಕೆ ಡಿಸ್ಕನ್ನು ಕಂಠಮಟ್ಟ ತುಂಬಬಾರದು, ಸ್ವಲ್ಪ ಖಾಲಿ ಬಿಡಬೇಕು.

ಟ್ರಿಮ್‌ಗೆ ಇನ್ನೊಂದು ಮುಖವೂ ಇದೆ. ಹಾರ್ಡ್ ಡಿಸ್ಕಿನಲ್ಲಿ ಅಳಿಸಿದ ಫೈಲನ್ನು ರಿಕವರಿ ತಂತ್ರಾಂಶದಿಂದ ವಾಪಸ್ ತರುವ ಆಸೆ ಇತ್ತು. ಎಸ್‌ಎಸ್‌ಡಿಯಲ್ಲಿ ಟ್ರಿಮ್ ಆದ ಮೇಲೆ ಆ ಆಸೆ ಬಿಡಬೇಕು. ಹಾರ್ಡ್ ಡಿಸ್ಕ್ ಸಾಯುವ ಮೊದಲು ಎಷ್ಟೋ ಸಲ ಸದ್ದು ಮಾಡುತ್ತದೆ, ನಿಧಾನವಾಗುತ್ತದೆ, ನಮ್ಮದು ಹಳದಿ ಬಣ್ಣ ತೋರಿಸಿದ ಹಾಗೆ ಸುಳಿವು ಕೊಡುತ್ತದೆ. ಎಸ್‌ಎಸ್‌ಡಿಯನ್ನು ನಡೆಸುವ ಚಿಪ್, ಅಂದರೆ ಕಂಟ್ರೋಲರ್, ಕೆಟ್ಟರೆ ನಿನ್ನೆ ಇತ್ತು, ಇವತ್ತು ಇಲ್ಲ. ಹಾಗಾಗಿ ಆ ಯುಎಸ್‌ಬಿ ಡಿಸ್ಕ್ ಬ್ಯಾಕಪ್‌ಗೆ ಅಂತಲೇ ಮೀಸಲಾಯಿತು. ಬ್ಯಾಕಪ್ ತೆಗೆದು ಕಳಚಿ ಇಡುತ್ತೇವೆ. ವರ್ಷಗಟ್ಟಲೆ ಕರೆಂಟ್ ಇಲ್ಲದೆ ಕಪಾಟಿನಲ್ಲಿ ಇಡುವುದಕ್ಕೆ ಎಸ್‌ಎಸ್‌ಡಿಗಿಂತ ಹಾರ್ಡ್ ಡಿಸ್ಕೇ ವಾಸಿ.

ಉಳಿದದ್ದು ಆ ಹಳೆಯ 1 ಟಿಬಿ. ಅದಕ್ಕೆ ಕ್ವಿಕ್ ಅಲ್ಲದ ಪೂರ್ತಿ ಫಾರ್ಮ್ಯಾಟ್ ಕೊಟ್ಟೆ, ಗಂಟೆಗಟ್ಟಲೆ ನಡೆಯಿತು. ಪೂರ್ತಿ ಫಾರ್ಮ್ಯಾಟ್ ಪ್ರತಿ ಸೆಕ್ಟರಿಗೂ ಸೊನ್ನೆ ಬರೆಯುತ್ತದೆ. ಹಾಗೆ ಬರೆಯುವಾಗ ಬಾಕಿ ಇದ್ದ ಸೆಕ್ಟರ್‌ಗಳ ತೀರ್ಮಾನ ಆಗುತ್ತದೆ, ಸರಿಯಿದ್ದರೆ ವಾಪಸ್ ಬಳಕೆಗೆ, ಇಲ್ಲದಿದ್ದರೆ ಅದರ ಬದಲು ಕಾದಿಟ್ಟ ಜಾಗದಿಂದ ಬೇರೊಂದು. ಮುಗಿದ ಮೇಲೆ ನೋಡಿದರೆ ಸಿ5 ಸಾಲು ಸೊನ್ನೆಗೆ ಬಂದಿತ್ತು, ಬದಲಿಸಿದ ಸೆಕ್ಟರ್‌ಗಳನ್ನು ಎಣಿಸುವ 05ರ ಸಾಲು ಏರಿತ್ತು. ಈಗ ಅದರಲ್ಲಿ ಮತ್ತೆ ಇಳಿಸಿಕೊಳ್ಳಬಹುದಾದ ಸಿನಿಮಾ, ಇನ್‌ಸ್ಟಾಲ್ ಫೈಲುಗಳು ಮಾತ್ರ ಇವೆ. ಫೈಲ್ ಉಳಿಸಲು ಹೋದಾಗ ಒಮ್ಮೊಮ್ಮೆ ಕಂಪ್ಯೂಟರ್ ಕೆಲವು ಸೆಕೆಂಡ್ ಸ್ತಬ್ಧವಾಗುತ್ತದೆ, ಮಲಗಿದ್ದ ಆ ಡಿಸ್ಕ್ ಎದ್ದು ತಿರುಗಲು ಶುರು ಮಾಡುವ ಹೊತ್ತು ಅದು. 05ರ ಅಂಕಿ ಇನ್ನೂ ಏರಿದರೆ ಅದರ ಕೇಬಲ್ ಕಳಚುತ್ತೇನೆ.